ಸ್ವೀಡಿಷ್ ಗೋದಾಮು, ಇಂಗ್ಲಿಷ್ ಸ್ಕ್ರೀನು: ಒಂದು ದಾಸ್ತಾನು ಅನುವಾದದ ಪ್ರಕರಣ

ಯೋನ್‌ಷೋಪಿಂಗ್ ದಕ್ಷಿಣ ಸ್ವೀಡನ್ನಿನ ಊರು. ವೆಟ್ಟರ್ನ್ ಸರೋವರದ ತೆಂಕಣ ತುದಿಯಲ್ಲಿದೆ. ಇ4 ಹೆದ್ದಾರಿ ಊರನ್ನು ಸವರಿಕೊಂಡೇ ಹೋಗುತ್ತದೆ. ಅಲ್ಲಿಂದ ಹೊರಟ ಲಾರಿ ಸ್ಟಾಕ್‌ಹೋಮ್, ಯೋತೆಬೊರಿ, ಮಾಲ್ಮೊ ಮೂರನ್ನೂ ಅದೇ ದಿನ ಮುಟ್ಟಬಹುದು. ಹಾಗಾಗಿ ಆ ಸುತ್ತಿನಲ್ಲಿ ಗೋದಾಮುಗಳು ಜಾಸ್ತಿ. ಅಂಥದ್ದೊಂದು ಗೋದಾಮಿನ ಪದಗಳ ವಿಚಾರ ಇದು. ಕಂಪನಿಯ ಹೆಸರು ಬೇಡ. ಕಾಗದದ ಕಾರ್ಖಾನೆ, ಮರ ಕೊಯ್ಯುವ ಮಿಲ್ಲುಗಳಿಗೆ ಬೇರಿಂಗ್, ಸೋರಿಕೆ ತಡೆಯುವ ಸೀಲ್, ಹೈಡ್ರಾಲಿಕ್ ಹೋಸ್ ಮಾರುವ ಮಧ್ಯಮ ಗಾತ್ರದ ಸಂಸ್ಥೆ ಅಂತ ತಿಳಿದರೆ ಸಾಕು.

ಮಾಲು ಅಲ್ಲೇ ಇತ್ತು. ಆದರೆ ಯಾವ ಮಾಲನ್ನು ಯಾವಾಗ ತರಿಸಬೇಕು ಅನ್ನುವ ಕೆಲಸ ಬೆಂಗಳೂರಿನ ಒಂದು ತಂಡಕ್ಕೆ ಬಂತು. ತಂಡದಲ್ಲಿ ಯಾರಿಗೂ ಸ್ವೀಡಿಷ್ ಬರುವುದಿಲ್ಲ. ದಾಸ್ತಾನಿನ ಸಾಫ್ಟ್‌ವೇರ್ ಸ್ಕ್ರೀನಿನ ಲೇಬಲ್, ಕೈಪಿಡಿ, ವಾರದ ವರದಿ ಎಲ್ಲವೂ ಇಂಗ್ಲಿಷಿಗೆ ಹೋಗಬೇಕಾಯಿತು. ಮೊದಲ ಸುತ್ತು ಯಂತ್ರಾನುವಾದ. ಆಮೇಲೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರು ಕೂತು ವಾಕ್ಯಗಳನ್ನು ನಯ ಮಾಡಿದರು. ಓದಲು ಸೊಗಸಾಗಿಯೇ ಇತ್ತು. ತೊಂದರೆ ಬಂದದ್ದೇ ಅಲ್ಲಿ. ಓದಿದವರು ಯಾರಿಗೂ ಅನುಮಾನ ಹುಟ್ಟಲಿಲ್ಲ.

ಕೆಲವೇ ತಿಂಗಳಲ್ಲಿ ಒಂದಕ್ಕೊಂದು ಹೊಂದದ ಎರಡು ದೂರು ಬಂದವು. ಕೆಲವು ಬೇರಿಂಗುಗಳು ರ್‍ಯಾಕ್ ತುಂಬಿ ನೆಲಕ್ಕೆ ಇಳಿದಿವೆ. ಕೆಲವು ಸೀಲ್ ಕಿಟ್‌ಗಳು ಗಿರಾಕಿ ಕೇಳಿದಾಗ ಇಲ್ಲವೇ ಇಲ್ಲ. ಸ್ವೀಡನ್ನಿನವರು ಬೆಂಗಳೂರಿನವರಿಗೆ ಯೋಜನೆ ಮಾಡಲು ಬರುವುದಿಲ್ಲ ಅಂದರು. ಬೆಂಗಳೂರಿನವರು ಸಾಫ್ಟ್‌ವೇರ್ ಸರಿಯಿಲ್ಲ ಅಂದರು. ಸಾಫ್ಟ್‌ವೇರಿನವರು ಅಂಕಿ ಎಲ್ಲ ಸರಿಯಾಗಿಯೇ ಇದೆ ಅಂತ ತೋರಿಸಿದರು. ಅದು ನಿಜವೂ ಹೌದು. ಅಂಕಿ ಸರಿ ಇತ್ತು, ಅಂಕಿಯ ಮೇಲಿನ ಹೆಸರು ಸರಿ ಇರಲಿಲ್ಲ. ಪದಪಟ್ಟಿಯನ್ನು ಮತ್ತೆ ಕಟ್ಟಲು ನನ್ನನ್ನು ಕರೆದದ್ದು ಆಗ.

ತುಂಬಿ ಹರಿದ ಬೇರಿಂಗಿನಿಂದ ಶುರು ಮಾಡೋಣ. ಸ್ವೀಡಿಷ್‌ನಲ್ಲಿ 'ಪೋಫಿಲ್‌ನಿಂಗ್' ಅಂದರೆ ತುಂಬಿಸುವುದು. ನಿಘಂಟು ತೆಗೆದರೆ ಇಂಗ್ಲಿಷಿಗೆ 'ರಿಪ್ಲೆನಿಶ್‌ಮೆಂಟ್' ಅಂತ ಕೊಡುತ್ತದೆ. ತಪ್ಪೇನಿಲ್ಲ. ಆದರೆ ಗೋದಾಮಿನೊಳಗೆ ಆ ಪದ ಹೇಳುವುದು ಒಂದು ಸಣ್ಣ ಕೆಲಸ. ದೊಡ್ಡ ಗೋದಾಮಿನಲ್ಲಿ ಒಂದೇ ಮಾಲು ಎರಡು ಕಡೆ ಇರುತ್ತದೆ. ಕೆಳಗೆ ಕೈಗೆ ಸಿಗುವ ಎತ್ತರದಲ್ಲಿ ಸ್ವಲ್ಪ, ಅಲ್ಲಿಂದ ಆರ್ಡರಿಗೆ ಆರಿಸಿಕೊಳ್ಳುತ್ತಾರೆ. ಮೇಲಿನ ಅಂತಸ್ತಿನಲ್ಲಿ ಪ್ಯಾಲೆಟ್‌ಗಟ್ಟಲೆ (ಸರಕು ಪೇರಿಸುವ ಹಲಗೆಗಟ್ಟಲೆ) ಉಳಿದದ್ದು. ಕೆಳಗೆ ಖಾಲಿಯಾಗುತ್ತಿದ್ದಂತೆ ಮೇಲಿನಿಂದ ಒಂದು ಪ್ಯಾಲೆಟ್ ಇಳಿಸಬೇಕು. ಅಷ್ಟೇ ಪೋಫಿಲ್‌ನಿಂಗ್. ಪ್ಯಾಲೆಟ್ ಎತ್ತಿ ಇಳಿಸುವ ಗಾಡಿ, ಅಂದರೆ ಫೋರ್ಕ್‌ಲಿಫ್ಟ್, ಓಡಿಸುವವನಿಗೆ ಹೋಗಬೇಕಾದ ಸಂದೇಶ.

ಬೆಂಗಳೂರಿನ ತಂಡಕ್ಕೆ ರಿಪ್ಲೆನಿಶ್‌ಮೆಂಟ್ ಅಂದರೆ ಸಪ್ಲೈಯರ್‌ನಿಂದ ತರಿಸುವುದು. ಅವರ ಹುದ್ದೆಯ ಹೆಸರಿನಲ್ಲೇ ಆ ಪದ ಇತ್ತು. ಸ್ಕ್ರೀನಿನಲ್ಲಿ 'ರಿಪ್ಲೆನಿಶ್‌ಮೆಂಟ್ ರಿಕ್ವೈರ್ಡ್' ಅಂತ ಕೆಂಪಗೆ ಬಂದರೆ ಅವರು ಏನು ಮಾಡಬೇಕು? ಖರೀದಿ ಆರ್ಡರ್ ಹಾಕಿದರು. ಮೇಲಿನ ಅಂತಸ್ತಿನಲ್ಲಿ 3 ಪ್ಯಾಲೆಟ್ ಕೂತಿದ್ದರೂ ನಾಲ್ಕನೆಯದು ಬಂತು. ಕೆಳಗಿನ ಜಾಗ ಬೇಗ ಖಾಲಿಯಾಗುವುದು ಜಾಸ್ತಿ ಓಡುವ ಮಾಲಿನದ್ದೇ ಅಲ್ವಾ? ಹಾಗಾಗಿ ಅತಿ ಹೆಚ್ಚು ಓಡುವ ಬೇರಿಂಗೇ ಅತಿ ಹೆಚ್ಚು ಗುಡ್ಡೆ ಬಿತ್ತು.

ಈ ಪದವನ್ನು ನಾನು ಮೊದಲಿಗೆ ಇಟ್ಟದ್ದಕ್ಕೆ ಕಾರಣ ಇದೆ. ಉಳಿದವುಗಳಲ್ಲಿ ಯಾರೋ ಏನೋ ತಪ್ಪು ಮಾಡಿದ್ದರು ಅನ್ನಬಹುದು. ಇಲ್ಲಿ ನಿಘಂಟು ಸರಿ, ಅನುವಾದ ಸರಿ, ತಂಡ ಮಾಡಿದ್ದೂ ಸರಿ. ಹೊಸ ಪಟ್ಟಿಯಲ್ಲಿ ಗೋದಾಮಿನೊಳಗಿನದನ್ನು 'ಪಿಕ್-ಫೇಸ್ ರೀಫಿಲ್', ಅಂದರೆ ಮಾಲು ಆರಿಸುವ ಕೆಳಗಿನ ಜಾಗ ತುಂಬಿಸುವುದು, ಅಂತ ಕರೆದೆವು. ಹೊರಗಿನಿಂದ ತರಿಸುವುದು 'ರೀಆರ್ಡರ್' ಆಯಿತು. ರಿಪ್ಲೆನಿಶ್‌ಮೆಂಟ್ ಅನ್ನುವ ಪದವನ್ನೇ ಸ್ಕ್ರೀನಿನಿಂದ ತೆಗೆದೆವು. ಒಳ್ಳೆಯ ಪದ, ಆದರೆ ಈ ಮನೆಯಲ್ಲಿ ಅದಕ್ಕೆ ಇಬ್ಬರು ಯಜಮಾನರು.

ಇನ್ನು ಸಿಗದೇ ಹೋದ ಸೀಲ್ ಕಿಟ್. ಇಲ್ಲಿ ಲೆಕ್ಕವನ್ನೇ ತೋರಿಸುತ್ತೇನೆ. ಅಂಕಿಗಳನ್ನು ಸುಲಭಕ್ಕೆ ದುಂಡು ಮಾಡಿದ್ದೇನೆ. ಒಂದು ಕಿಟ್ ವಾರಕ್ಕೆ 20 ಹೋಗುತ್ತದೆ. ಸಪ್ಲೈಯರ್ ಕಳಿಸಲು 3 ವಾರ. ಅಪಾಯಕ್ಕೆ ಅಂತ 20 ಯಾವಾಗಲೂ ಪಕ್ಕಕ್ಕಿರಬೇಕು. 20ನ್ನು 3ರಿಂದ ಗುಣಿಸಿ 20 ಕೂಡಿಸಿದರೆ 80. ಇದು 'ಬೆಸ್ಟೆಲ್ನಿಂಗ್ಸ್‌ಪುಂಕ್ಟ್', ಇಂಗ್ಲಿಷಿನಲ್ಲಿ ರೀಆರ್ಡರ್ ಪಾಯಿಂಟ್. ಅನುವಾದ ಸರಿ ಇತ್ತು. ದಾಸ್ತಾನು 80ಕ್ಕೆ ಇಳಿದರೆ ತರಿಸಿ ಅಂತ ಅರ್ಥ.

ಯಾವ ದಾಸ್ತಾನು? ಸ್ಕ್ರೀನಿನಲ್ಲಿ ಎರಡು ಅಂಕಿ ಇದ್ದವು. 'ಆಕ್ಟುಎಲ್ಟ್ ಸಾಲ್ಡೊ' 120. 'ಡಿಸ್ಪೊನಿಬೆಲ್ಟ್ ಸಾಲ್ಡೊ' 50. ಮೊದಲನೆಯದು ಈ ಹೊತ್ತಿಗೆ ಪುಸ್ತಕದ ಪ್ರಕಾರ ಇರುವುದು. ಎರಡನೆಯದು ಅದರಲ್ಲಿ ಈಗಾಗಲೇ ಗಿರಾಕಿಗಳಿಗೆ ಮೀಸಲಾದ 70 ಕಳೆದು ಉಳಿದದ್ದು. ದಾರಿಯಲ್ಲಿ ಬರುವ ಮಾಲೂ ಏನಿರಲಿಲ್ಲ. ಅಂದರೆ 80ರ ಜೊತೆ ಹೋಲಿಸಬೇಕಾದ್ದು 50ನ್ನು. ತರಿಸುವ ಹೊತ್ತು ಯಾವಾಗಲೋ ದಾಟಿತ್ತು.

ಅನುವಾದದಲ್ಲಿ ಮೊದಲನೆಯದು 'ಆಕ್ಚುಯಲ್ ಬ್ಯಾಲೆನ್ಸ್' ಆಗಿತ್ತು, ಎರಡನೆಯದು 'ಡಿಸ್ಪೋಸಬಲ್ ಬ್ಯಾಲೆನ್ಸ್'. ಆಕ್ಚುಯಲ್ ಅಂದಮೇಲೆ ಅದೇ ನಿಜವಾದದ್ದು ಅಂತ ತಂಡ ನಂಬಿತು. 120 ಇದೆ, 80ಕ್ಕಿಂತ ಜಾಸ್ತಿ, ಆರ್ಡರ್ ಬೇಡ. ಡಿಸ್ಪೋಸಬಲ್ 50? ಅದು ಎಸೆಯಬೇಕಾದ ಮಾಲು ಇರಬೇಕು ಅಂದುಕೊಂಡರು. ಬಳಸಿ ಎಸೆಯುವ ಲೋಟಕ್ಕೆ ನಾವು ಹಾಗೇ ಅನ್ನುತ್ತೇವಲ್ಲ. ತಂಡದ ಒಬ್ಬ ಹುಡುಗಿ ನನ್ನನ್ನು ನೇರವಾಗಿಯೇ ಕೇಳಿದರು. "ಸರ್, ಈ ಐವತ್ತನ್ನ ಅವ್ರು ಯಾವಾಗ ಸ್ಕ್ರ್ಯಾಪ್ ಮಾಡ್ತಾರೆ? ಮೇಲ್ ಹಾಕಿದ್ರೆ ಉತ್ತರಾನೇ ಇಲ್ಲ." ಆ ಮೇಲ್ ಓದಿದ ಸ್ವೀಡನ್ನಿನವರಿಗೆ, ಮಾರಲು ಉಳಿದಿರುವ ಅಷ್ಟೂ ಮಾಲನ್ನು ಯಾಕೆ ಎಸೆಯಬೇಕು ಅಂತ ತಲೆ ಬುಡ ಅರ್ಥವಾಗಿರಲಿಲ್ಲ.

ಆಕ್ಚುಯಲ್ ಮಾಡಿದ ಕಿತಾಪತಿ ಇಷ್ಟಕ್ಕೇ ಮುಗಿಯಲಿಲ್ಲ. ಸ್ವೀಡಿಷ್‌ನ 'ಆಕ್ಟುಎಲ್' ಅಂದರೆ ಸದ್ಯದ, ಈಗ ಚಾಲ್ತಿಯಲ್ಲಿರುವ. ಇಂಗ್ಲಿಷಿನ ಆಕ್ಚುಯಲ್‌ಗೆ ಸ್ವೀಡಿಷ್‌ನಲ್ಲಿ 'ಫಾಕ್ಟಿಸ್ಕ್' ಅನ್ನುತ್ತಾರೆ. ಮಾತಿನಲ್ಲಿ ಇದು ಸಣ್ಣ ಎಡವಟ್ಟು. ದಾಸ್ತಾನು ಎಣಿಕೆಯಲ್ಲಿ ಹಾಗಲ್ಲ. ಎಣಿಕೆಯ ಹಾಳೆಯಲ್ಲಿ ಮೂರು ಕಾಲಂ ಇರುತ್ತವೆ. ಪುಸ್ತಕದ ಪ್ರಕಾರ ಎಷ್ಟು, ಎಣಿಸಿದರೆ ಎಷ್ಟು, ವ್ಯತ್ಯಾಸ ಎಷ್ಟು. ಇಂಗ್ಲಿಷ್ ಹಾಳೆಯಲ್ಲಿ ಎಣಿಸಿದ್ದನ್ನು ಆಕ್ಚುಯಲ್ ಅನ್ನುವುದು ವಾಡಿಕೆ. ಈಗ ಸ್ಕ್ರೀನಿನಲ್ಲೂ ಒಂದು ಆಕ್ಚುಯಲ್ ಇದೆ. ಎಣಿಕೆಯವರು ಕಳಿಸಿದ ಫೈಲನ್ನು ಹೊಸ ಹಾಳೆಗೆ ಜೋಡಿಸುವಾಗ ಸ್ಕ್ರೀನಿನ ಆಕ್ಚುಯಲ್ ಹೋಗಿ ಹಾಳೆಯ ಆಕ್ಚುಯಲ್‌ನಲ್ಲಿ ಕೂತಿತು. ಕಪಾಟಿನಲ್ಲಿ ಸಿಕ್ಕಿದ್ದು 112 ಕಿಟ್. ಹಾಳೆಯಲ್ಲಿ 120, 120, ಸೊನ್ನೆ. ಪುಟದ ಮೇಲೆ ಪುಟ, ವ್ಯತ್ಯಾಸದ ಕಾಲಂ ಪೂರ್ತಿ ಸೊನ್ನೆ. ಸಾವಿರಾರು ಬಗೆಯ ಬಿಡಿಭಾಗ ಇರುವ ಗೋದಾಮಿನಲ್ಲಿ ಒಂದೂ ತಪ್ಪಿಲ್ಲ ಅಂದರೆ ನಂಬಬಾರದು. ಗೋದಾಮು ನೋಡಿದವರಿಗೆ ಇದು ಗೊತ್ತು. ಆದರೆ ಹಾಳೆ ನೋಡುತ್ತಿದ್ದವರು ಗೋದಾಮು ನೋಡಿರಲಿಲ್ಲ, ಖುಷಿಪಟ್ಟರು.

ಹೊಸ ಹೆಸರುಗಳು ಹೀಗಾದವು. ಆಕ್ಟುಎಲ್ಟ್ ಸಾಲ್ಡೊ ಅಂದರೆ 'ಆನ್-ಹ್ಯಾಂಡ್, ರೆಕಾರ್ಡೆಡ್'. ಡಿಸ್ಪೊನಿಬೆಲ್ಟ್ ಅಂದರೆ 'ಅವೈಲಬಲ್'. ಎಣಿಸಿದ್ದು 'ಕೌಂಟೆಡ್'. ಆಕ್ಚುಯಲ್‌ಗೂ ರಿಪ್ಲೆನಿಶ್‌ಮೆಂಟಿನ ಗತಿಯೇ ಆಯಿತು.

ಎಣಿಕೆಯ ಮಾತು ಬಂತಲ್ಲ, ಸ್ವೀಡಿಷ್‌ನಲ್ಲಿ ಅದಕ್ಕೆ 'ಇನ್ವೆಂಟೇರಿಂಗ್' ಅನ್ನುತ್ತಾರೆ. ಕಿವಿಗೆ ಇಂಗ್ಲಿಷಿನ ಇನ್ವೆಂಟರಿಯೇ. ಆದರೆ ಇದು ಮಾಲಲ್ಲ, ಮಾಲನ್ನು ಎಣಿಸುವ ಕೆಲಸ. ಇದರ ಪಕ್ಕದಲ್ಲೇ 'ಇನ್ವೆಂಟಾರಿಯೆರ್' ಅಂತ ಇನ್ನೊಂದಿದೆ. ಅದಂತೂ ಮಾರುವ ಮಾಲೇ ಅಲ್ಲ. ಮೇಜು, ಕುರ್ಚಿ, ರ್‍ಯಾಕ್, ಕಂಪ್ಯೂಟರ್. ಸ್ವೀಡನ್ನಿನ ಹೆಚ್ಚಿನ ಕಂಪನಿಗಳು ಬಳಸುವ ಬಾಸ್ ಲೆಕ್ಕಪಟ್ಟಿಯಲ್ಲಿ ಇನ್ವೆಂಟಾರಿಯೆರ್ ಮತ್ತು ಸಲಕರಣೆಗೆ ಖಾತೆ 1220, ವ್ಯಾಪಾರದ ಸರಕಿನ ದಾಸ್ತಾನಿಗೆ 1460. ಒಂದು ಸ್ಥಿರ ಆಸ್ತಿ, ಇನ್ನೊಂದು ಚಾಲ್ತಿ ಆಸ್ತಿ. ಭಾರತದ ಲೆಕ್ಕ ನಿಯಮಗಳಲ್ಲಿ ದಾಸ್ತಾನಿಗೆ ಅಧಿಕೃತ ಹೆಸರು ಇನ್ವೆಂಟರೀಸ್. ಎಎಸ್ 2 ಅನ್ನುವ ಲೆಕ್ಕ ಮಾನದಂಡದ ತಲೆಬರಹದಲ್ಲೇ ಇದೆ. 1220ರ ಮುಂದೆ ಇನ್ವೆಂಟರೀಸ್ ಅಂತ ಅನುವಾದ ಆಗಿದ್ದರೆ ಇಲ್ಲಿನ ಅಕೌಂಟೆಂಟ್ ಅದನ್ನು ಎಲ್ಲಿಗೆ ಸೇರಿಸುತ್ತಾರೆ ಹೇಳಿ. ರ್‍ಯಾಕು, ಫೋರ್ಕ್‌ಲಿಫ್ಟು ಎಲ್ಲ ಮಾರಾಟದ ಮಾಲಾಗಿ ಲೆಕ್ಕಕ್ಕೆ ಬಂದವು. ಪುಣ್ಯಕ್ಕೆ ಅದು ಕರಡು ವರದಿಯಲ್ಲೇ ಸಿಕ್ಕಿಬಿತ್ತು.

ಮಾಲಿನ ಪದ 'ಲಾಗೆರ್'. ದಾಸ್ತಾನಿನ ವಿಚಾರದಲ್ಲೇ ಇದೊಂದು ಪದಕ್ಕೆ ಮೂರು ಮುಖ. ಗೋದಾಮಿನ ಕಟ್ಟಡವೂ ಲಾಗೆರ್, ಅದರೊಳಗಿನ ಸರಕೂ ಲಾಗೆರ್, ಆ ಸರಕಿನ ಬೆಲೆ ಪುಸ್ತಕದಲ್ಲಿ ಬಂದರೆ ಅದೂ ಲಾಗೆರ್. ಕನ್ನಡದಲ್ಲಿ ನಮಗೆ ಈ ಕಷ್ಟ ಇಲ್ಲ. ಉಗ್ರಾಣ ಬೇರೆ, ದಾಸ್ತಾನು ಬೇರೆ. ಇಂಗ್ಲಿಷಿನಲ್ಲಿ ಪದಗಳು ಬೇಕಾದಷ್ಟಿವೆ, ಆದರೆ ಬ್ರಿಟನ್ನಿನವರು ಸ್ಟಾಕ್ ಅಂದ ಕಡೆ ಅಮೆರಿಕದವರು ಇನ್ವೆಂಟರಿ ಅನ್ನುತ್ತಾರೆ. ಅಮೆರಿಕದವರಿಗೆ ಸ್ಟಾಕ್ ಅಂದರೆ ಮೊದಲು ನೆನಪಾಗುವುದು ಷೇರು. ನಾವು ಮಾಡಿದ್ದು ಇಷ್ಟು. ಜಾಗ ಆದರೆ ವೇರ್‌ಹೌಸ್. ಸರಕು ಆದರೆ ಸ್ಟಾಕ್. ದುಡ್ಡಿನ ಲೆಕ್ಕ ಆದರೆ ಇನ್ವೆಂಟರಿ. ಇದು ಯಾವ ದೇಶದ ಇಂಗ್ಲಿಷೂ ಅಲ್ಲ ಅಂತ ಒಬ್ಬರು ಮುಖ ಸಿಂಡರಿಸಿದರು. ಇರಲಿ. ಬೆಂಗಳೂರಿನ ಕಿವಿಗೆ ಮೂರೂ ಸಹಜ, ಮೂರೂ ಬೇರೆ ಬೇರೆ ಕೇಳಿಸುತ್ತವೆ.

ಅದೇ ಕಡತದಲ್ಲಿ 'ಇನ್‌ಕುರಾನ್ಸ್' ಅಂತ ಒಂದು ಸಾಲು, ಎದುರಿಗೆ 3 ಶೇಕಡಾ. ಹಳತಾಗಿ ಮಾರಾಟವಾಗದೆ ಕೂತ ಮಾಲು ಅಂತ ಪದದ ಅರ್ಥ. ಪ್ರತಿ ವರ್ಷ ಸರಿಯಾಗಿ 3 ಶೇಕಡಾ ಮಾಲು ಹೇಗೆ ಕೆಡುತ್ತದೆ ಅಂತ ಇಲ್ಲಿನವರಿಗೆ ಸೋಜಿಗ. ಅದು ಕೆಟ್ಟ ಮಾಲಲ್ಲ, ತೆರಿಗೆಯ ಸೌಲಭ್ಯ. ಸ್ವೀಡನ್ನಿನ ಆದಾಯ ತೆರಿಗೆ ಕಾನೂನಿನ ಪ್ರಕಾರ ದಾಸ್ತಾನನ್ನು ಅದರ ಒಟ್ಟು ಖರೀದಿ ಬೆಲೆಯ 97 ಶೇಕಡಾಕ್ಕೆ ತೋರಿಸಬಹುದು. ಉಳಿದ 3ಕ್ಕೆ ಹಳತಾದದ್ದು ಅಂತ ಲೆಕ್ಕ. ಇಲ್ಲಿ ಒಂದು ಪದದ ಅನುವಾದ ಸಾಲದು, ಪಕ್ಕದಲ್ಲಿ ಒಂದು ಸಾಲು ಬರೆದೇ ಹೇಳಬೇಕು.

ದುಡ್ಡು ನೇರವಾಗಿ ಕೈಬಿಟ್ಟಿದ್ದು 'ಆವ್‌ರೂಪ್' ಕಡೆಯಿಂದ. ಸಪ್ಲೈಯರ್ ಜೊತೆ ವರ್ಷಕ್ಕೆ 1200 ಕಿಟ್ ಅಂತ ಒಂದು ಚೌಕಟ್ಟಿನ ಒಪ್ಪಂದ ಮಾಡಿಕೊಂಡಿರುತ್ತಾರೆ. ಬೆಲೆ ಅಲ್ಲೇ ನಿಗದಿ. ಆಮೇಲೆ ಬೇಕಾದಾಗ 100, ಬೇಕಾದಾಗ 100 ಅಂತ ಅದರಿಂದ ಎಳೆದುಕೊಳ್ಳುತ್ತಾರೆ. ಹಾಗೆ ಎಳೆದುಕೊಳ್ಳುವುದೇ ಆವ್‌ರೂಪ್. ಸ್ವೀಡನ್ನಿನ ಸರ್ಕಾರಿ ಖರೀದಿಯಲ್ಲೂ ಸಾಕಷ್ಟು ಹೀಗೇ ನಡೆಯುವುದರಿಂದ ಅಲ್ಲಿನ ಯಾವ ಖರೀದಿ ಗುಮಾಸ್ತನಿಗೂ ಇದು ದಿನನಿತ್ಯದ ಮಾತು. ಅನುವಾದದಲ್ಲಿ ಸುಮ್ನೆ 'ಆರ್ಡರ್' ಅಂತ ಇತ್ತು. ತಂಡ ಪ್ರತಿ ಸಲ ಹೊಸ ಖರೀದಿ ಆರ್ಡರ್ ಹಾಕಿತು. ಒಪ್ಪಂದದ ನಂಬರ್ ಅದರಲ್ಲಿಲ್ಲ. ಸಪ್ಲೈಯರ್ ಪಟ್ಟಿಯ ಪೂರ್ತಿ ಬೆಲೆ ಹಾಕಿ ಬಿಲ್ ಕಳಿಸಿದ. ಅವನದೇನೂ ತಪ್ಪಿಲ್ಲ. ಈಗ ಅದು 'ಕಾಲ್-ಆಫ್'. ಕಾಲ್ ಆಫ್ ಅಂದರೆ ರದ್ದು ಮಾಡುವುದಲ್ವಾ ಅಂತ ತಂಡದಲ್ಲಿ ಕೇಳಿದವರಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಲೇಬಲ್‌ನಲ್ಲಿ 'ಕಾಲ್-ಆಫ್ ಅಗೇನ್ಸ್ಟ್ ಅಗ್ರಿಮೆಂಟ್' ಅಂತ ಪೂರ್ತಿ ಬರೆಸಿದೆ, ಒಪ್ಪಂದದ ನಂಬರ್ ಇಲ್ಲದೆ ಆ ಸ್ಕ್ರೀನು ಮುಂದಕ್ಕೇ ಹೋಗದ ಹಾಗೆ ಮಾಡಿಸಿದೆ. ಕೆಲವು ಕಡೆ ಪದಕ್ಕಿಂತ ಬೀಗ ಒಳ್ಳೆಯದು.

ಸಣ್ಣಪುಟ್ಟವು ಇನ್ನೂ ಇವೆ. ಸ್ವೀಡಿಷ್‌ನಲ್ಲಿ 'ಟ್ರುಕ್' ಅಂದರೆ ಫೋರ್ಕ್‌ಲಿಫ್ಟ್, ರಸ್ತೆಯ ಮೇಲೆ ಓಡುವುದಲ್ಲ. ರಸ್ತೆಯದ್ದು 'ಲಾಸ್ಟ್‌ಬೀಲ್'. ಎರಡು ಟ್ರುಕ್ ಬೇಕು ಅಂದರೆ ಇಲ್ಲಿಂದ ಗಾಡಿ ನಂಬರ್ ಕೇಳಿ ಮೇಲ್ ಹೋಗಿತ್ತು. ಪಟ್ಟಿಯಲ್ಲಿ ಲಾಸ್ಟ್‌ಬೀಲ್‌ಗೆ ನಮ್ಮ ಲಾರಿಯನ್ನೇ ಹಾಕಿದೆ. 'ಮೀಲ್' ಮೈಲಿಯಲ್ಲ, 10 ಕಿಲೋಮೀಟರ್. 12 ಮೀಲ್ ದೂರದ ಗಿರಾಕಿ ಇಲ್ಲಿನವರ ಲೆಕ್ಕದಲ್ಲಿ 19 ಕಿಲೋಮೀಟರಿಗೆ ಬಂದು ಕೂತಿದ್ದ. 'ರೆಸ್ಟ್‌ನೊಟೇರಾಡ್' ಅಂದರೆ ಕಳಿಸಲು ಬಾಕಿ ಉಳಿದದ್ದು, ನಮ್ಮಲ್ಲಿ ಬ್ಯಾಕ್ ಆರ್ಡರ್. ಸ್ವೀಡನ್ನಿನ ಔಷಧ ಪ್ರಾಧಿಕಾರ ಅದೇ ಪದವನ್ನು ಔಷಧದ ಕೊರತೆಗೆ ಬಳಸುತ್ತದೆ, ಅಲ್ಲಿ ಶಾರ್ಟೇಜ್ ಅನ್ನಬೇಕು. 'ಎಸ್‌ಟಿ' ಅಂದರೆ ಸೆಟ್ ಅಲ್ಲ, ಬಿಡಿ ನಗ. 1,500 ಮೀಟರ್ ಹೋಸ್ ಅಂತ ಕಂಡರೆ ಅದು ಒಂದೂವರೆ ಮೀಟರ್. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ.

ವಾರದ ಲೆಕ್ಕಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಸ್ವೀಡನ್ನಿನಲ್ಲಿ ತಾರೀಖಿಗಿಂತ ವಾರದ ನಂಬರ್ ಓಡುತ್ತದೆ. 'ಸೆಮೆಸ್ಟೆರ್' 28ರಿಂದ 31ನೇ ವಾರ ಅಂತ ಸಪ್ಲೈಯರ್ ಬರೆದರೆ ಅದು ಕಾಲೇಜಿನ ಸೆಮಿಸ್ಟರ್ ಅಲ್ಲ, ಬೇಸಿಗೆ ರಜೆ. ಅಲ್ಲಿನ ರಜೆ ಕಾನೂನು ಜೂನ್‌ನಿಂದ ಆಗಸ್ಟ್ ಒಳಗೆ ಸತತ 4 ವಾರ ರಜೆಯ ಹಕ್ಕು ಕೊಡುತ್ತದೆ. ಎಷ್ಟೋ ಕಾರ್ಖಾನೆಗಳು ಜುಲೈನಲ್ಲಿ ಒಟ್ಟಿಗೆ ಬಾಗಿಲು ಹಾಕುತ್ತವೆ. ಇಷ್ಟು ತಿಳಿದ ಮೇಲೂ ಎಡವುವ ಜಾಗ ಇನ್ನೊಂದಿದೆ. ಅವರ ವಾರ ಸೋಮವಾರ ಶುರು. ಮೊದಲ ಗುರುವಾರ ಇರುವ ವಾರವೇ 1ನೇ ವಾರ. ಎಕ್ಸೆಲ್‌ನಲ್ಲಿ ವಾರದ ನಂಬರ್ ಕೊಡುವ ವೀಕ್‌ನಮ್ ಸೂತ್ರವನ್ನು ಹಾಗೇ ಬಿಟ್ಟರೆ ಭಾನುವಾರದಿಂದ ಎಣಿಸುತ್ತದೆ, ಜನವರಿ 1 ಇರುವುದೇ ಮೊದಲ ವಾರ ಅನ್ನುತ್ತದೆ. 2022ರಲ್ಲಿ ಜನವರಿ 1 ಶನಿವಾರ. ಹಾಗಾಗಿ ಎಕ್ಸೆಲ್‌ನ 28ರಿಂದ 31ನೇ ವಾರ ಜುಲೈ 3ರಿಂದ 30. ಸ್ವೀಡನ್ನಿನದ್ದು ಜುಲೈ 11ರಿಂದ ಆಗಸ್ಟ್ 7. ಬೆಂಗಳೂರು ಆಗಸ್ಟ್ 1ಕ್ಕೆ ಫೋನ್ ಹಿಡಿದರೆ ಆ ಕಡೆ ಎತ್ತುವವರು ಯಾರು? ಸ್ವೀಡನ್ನಿನವರ ಹಾಗೇ ಎಣಿಸುವ ಐಎಸ್‌ಒ ವೀಕ್‌ನಮ್ ಅಂತ ಬೇರೆ ಸೂತ್ರ ಇದೆ, ಅದನ್ನು ಹಾಕಿಸಿದೆವು. ಅನುವಾದಕನ ಕೆಲಸವೇ ಇದು ಅಂತ ಕೇಳಿದವರಿದ್ದಾರೆ. 28 ಅನ್ನುವುದೂ ಒಂದು ಪದವೇ ಅಂದೆ.

ಪಟ್ಟಿ ಕಟ್ಟಿದ ಬಗೆ ಹೇಳಬೇಕು. ಸ್ವೀಡನ್ನಿನಲ್ಲಿ ಪರಿಭಾಷೆಗೆ ಒಳ್ಳೆಯ ಪರಂಪರೆ ಇದೆ. 1941ರಲ್ಲೇ ತಾಂತ್ರಿಕ ಪದಗಳಿಗೆ ಟಿಎನ್‌ಸಿ ಅನ್ನುವ ಕೇಂದ್ರ ಕಟ್ಟಿದ್ದರು. 2018ರಲ್ಲಿ ಅದನ್ನು ಮುಚ್ಚಿದರು. 2009ರಲ್ಲಿ ಶುರುವಾದ ರಿಕ್ಸ್‌ಟರ್ಮ್‌ಬಾಂಕೆನ್ ಅನ್ನುವ ರಾಷ್ಟ್ರೀಯ ಪದಕೋಶ ಮಾತ್ರ ಈಗಲೂ ಇದೆ, ಭಾಷೆ ಮತ್ತು ಜಾನಪದ ಸಂಸ್ಥೆ ನೋಡಿಕೊಳ್ಳುತ್ತದೆ. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಒಳ್ಳೆಯ ಆಸರೆ. ಆದರೆ ಯಾವ ಕೋಶವೂ ಈ ಕಂಪನಿಯ ಅಂಕಿ ಎಲ್ಲಿಂದ ಬರುತ್ತದೆ ಅಂತ ಹೇಳುವುದಿಲ್ಲ.

'ಲೆವೆರಾನ್ಸ್‌ಸೇಕೆರ್‌ಹೇಟ್' ನೋಡಿ. 'ಸೇಕೆರ್‌ಹೇಟ್' ಅಂದರೆ ಸುರಕ್ಷತೆಯೂ ಹೌದು, ಭದ್ರತೆಯೂ ಹೌದು, ಖಾತ್ರಿಯೂ ಹೌದು. ಹಳೆಯ ಅನುವಾದದಲ್ಲಿ 'ಡೆಲಿವರಿ ಸೆಕ್ಯುರಿಟಿ' ಅಂತ ಇತ್ತು, ಕಳ್ಳತನದ ಅಂಕಿ ಅಂದುಕೊಂಡಿದ್ದರು. ಬೇರೆ ಬೇರೆ ಕಂಪನಿಗಳಲ್ಲಿ ಈ ಪದ ಬೇರೆ ಬೇರೆ ಅಳತೆಗೆ ನಿಂತಿರುತ್ತದೆ. ಕೆಲವರಿಗೆ ಸಮಯಕ್ಕೆ ತಲುಪಿತೇ ಅನ್ನುವುದು, ಕೆಲವರಿಗೆ ಸರಿಯಾದ ಮಾಲು ಸರಿಯಾದ ಲೆಕ್ಕದಲ್ಲಿ ತಲುಪಿತೇ ಅನ್ನುವುದು. ಇಲ್ಲಿ ಯಾವುದು? ವರದಿಯ ಸೂತ್ರ ತೆರೆಸಿ ನೋಡಿದೆ. ಅದರಲ್ಲಿ ತಾರೀಖೇ ಇರಲಿಲ್ಲ, ತಪ್ಪಿಲ್ಲದೆ ಹೋದ ಆರ್ಡರಿನ ಸಾಲುಗಳನ್ನು ಒಟ್ಟು ಸಾಲುಗಳಿಂದ ಭಾಗಿಸಿದ್ದರು. ಹಾಗಾದರೆ 'ಡೆಲಿವರಿ ಅಕ್ಯುರಸಿ'. ಚರ್ಚೆಗೆ ಜಾಗವೇ ಉಳಿಯಲಿಲ್ಲ.

ಎಲ್ಲ ಪದಕ್ಕೂ ಇದೇ ದಾರಿ ಹಿಡಿದೆವು. ಪಟ್ಟಿಯಲ್ಲಿ ಪದದ ಎದುರು ಸಮಾನಾರ್ಥಕ ಪದಗಳ ಸಾಲು ಇಲ್ಲ. ಈ ಅಂಕಿಯನ್ನು ಯಾರು ತುಂಬುತ್ತಾರೆ, ಯಾವುದರಿಂದ ಯಾವುದನ್ನು ಕಳೆದು ಬರುತ್ತದೆ, ಇದನ್ನು ನೋಡಿ ಯಾರು ಏನು ಮಾಡುತ್ತಾರೆ, ಇಷ್ಟು ಬರೆದೆವು. ಇಂಗ್ಲಿಷ್ ಪದ ಕೊನೆಯ ಕಾಲಂ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರ ಜೊತೆ ವಿಡಿಯೋದಲ್ಲಿ ಕೂತು ಒಂದೊಂದನ್ನೂ ತೋರಿಸಿ ಅಂತ ಕೇಳಿದ್ದರಿಂದಲೇ ಪೋಫಿಲ್‌ನಿಂಗ್ ಗಂಟು ಬಿಚ್ಚಿದ್ದು.

ಎಲ್ಲದರಲ್ಲೂ ಒಮ್ಮತ ಬಂತು ಅನ್ನಲಾರೆ. ಮಾಲಿನ ಜೊತೆ ಬರುವ ಚೀಟಿಗೆ ಸ್ವೀಡಿಷ್‌ನಲ್ಲಿ 'ಫೊಲ್ಯೆಸೇಡೆಲ್', ಸಾಗಣೆಯ ಚೀಟಿಗೆ 'ಫ್ರಾಕ್ಟ್‌ಸೇಡೆಲ್'. ತಂಡದವರು ಒಂದನ್ನು ಡಿಸಿ (ಡೆಲಿವರಿ ಚಲನ್), ಇನ್ನೊಂದನ್ನು ಎಲ್‌ಆರ್ (ಲಾರಿ ರಸೀದಿ) ಅಂತಲೇ ಕರೆಯೋಣ ಅಂದರು. ಬಾಯಿಮಾತಿಗೆ ಸರಿ. ಸ್ಕ್ರೀನಿಗೆ ನಾನು ಒಪ್ಪಲಿಲ್ಲ. ಡೆಲಿವರಿ ಚಲನ್‌ಗೆ ನಮ್ಮ ಜಿಎಸ್‌ಟಿ ನಿಯಮದಲ್ಲಿ ಅದರದ್ದೇ ಅರ್ಥ ಇದೆ, ಸ್ವೀಡನ್ನಿನ ಚೀಟಿಗೆ ಅದನ್ನು ಅಂಟಿಸಿದರೆ ನಾಳೆ ಆಡಿಟರ್ ಕೇಳುತ್ತಾರೆ. ಡೆಲಿವರಿ ನೋಟ್, ಕನ್ಸೈನ್‌ಮೆಂಟ್ ನೋಟ್ ಅಂತ ಉಳಿದವು. ಈಗಲೂ ಫೋನಿನಲ್ಲಿ ಎಲ್ಲರೂ ಡಿಸಿ ಅಂತಲೇ ಅನ್ನುತ್ತಾರೆ.

ಹೊಸ ಲೇಬಲ್ ಬಂದ ಮೇಲೆ ಬೇರಿಂಗಿನ ಗುಡ್ಡೆ ನಿಧಾನವಾಗಿ ಕರಗಿತು. ತರಿಸಿದ್ದನ್ನು ಮಾರಿ ಮುಗಿಸಲೇಬೇಕಿತ್ತು, ಅದಕ್ಕೆ ಅನುವಾದದಲ್ಲಿ ಮದ್ದಿಲ್ಲ. ಸೀಲ್ ಕಿಟ್ ಬೇಗ ಸರಿಹೋಯಿತು. ಮುಂದಿನ ಎಣಿಕೆಯಲ್ಲಿ ವ್ಯತ್ಯಾಸದ ಕಾಲಂ ತುಂಬಾ ಅಂಕಿ ಬಂದವು. ಹೊಸ ಪದಪಟ್ಟಿ ಬಂದಮೇಲೆ ಗೋದಾಮಿನಲ್ಲಿ ತಪ್ಪು ಜಾಸ್ತಿಯಾಗಿದೆ ಅಂತ ಮೇಲಿನಿಂದ ಒಂದು ಆಕ್ಷೇಪಣೆಯೂ ಬಂತು. ಹಳೆಯ ಫೈಲನ್ನೂ ಎಣಿಕೆಯವರ ಮೂಲ ಫೈಲನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಆ ಮಾತು ನಿಂತಿತು.

ಕೈಪಿಡಿಯ ತಲೆಬರಹ ಇನ್ನೂ ಬಗೆಹರಿದಿಲ್ಲ. ಮೂಲದಲ್ಲಿ 'ಮಟೆರಿಯಾಲ್‌ಫೊರ್‌ಸೊರ್ಯ್‌ನಿಂಗ್'. ಫೊರ್‌ಸೊರ್ಯ್‌ನಿಂಗ್ ಅಂದರೆ ಬೇಕಾದದ್ದು ಕೊರತೆಯಾಗದ ಹಾಗೆ ಒದಗಿಸುತ್ತಾ ಇರುವುದು. ಮನೆಮಂದಿಯನ್ನು ಸಾಕುವುದಕ್ಕೂ ಅದೇ ಪದ, ದೇಶಕ್ಕೆ ಅನ್ನ, ಔಷಧ, ಇಂಧನ ಒದಗಿಸುವುದಕ್ಕೂ ಅದೇ. ಸಪ್ಲೈ ಅಂದರೆ ತಂಡಕ್ಕೆ ಒಳಬರುವ ಮಾಲಿನ ಅಂಕಿ ಮಾತ್ರ ಕಣ್ಣಿಗೆ ಬರುತ್ತದೆ. ಪ್ರೊವಿಷನಿಂಗ್ ಅಂದರೆ ಪಕ್ಕದ ಐಟಿ ತಂಡದವರು ಅದು ಸರ್ವರ್, ಲಾಗಿನ್ ಒದಗಿಸುವ ನಮ್ಮ ಪದ ಅನ್ನುತ್ತಾರೆ. ಸದ್ಯಕ್ಕೆ 'ಮೆಟೀರಿಯಲ್ಸ್ ಸಪ್ಲೈ' ಅಂತ ಇಟ್ಟು, ಕೆಳಗೆ ಎರಡು ಸಾಲಿನ ವಿವರಣೆ ಹಾಕಿದ್ದೇವೆ.